‘ಶುಭಂ’ ಬಿದ್ದ ಮೇಲೆ ಅಳಿಯದೇವರ ಕಥೆ ಏನು?

ನಾಯಕ ಬಡವ. ನಾಯಕಿ ಸಾಹುಕಾರರ ಒಬ್ಬಳೇ ಮಗಳು. ಮೊದಲ ಅರ್ಧ ಗಂಟೆ ಜಗಳ, ಆಮೇಲೆ ಡ್ಯುಯೆಟ್ಟು. ಇಂಟರ್‌ವಲ್ ಹೊತ್ತಿಗೆ ಹುಡುಗಿಯ ಅಪ್ಪ ಮೆಟ್ಟಿಲು ಇಳಿದು ಬಂದು ‘ನಿನ್ನ ಯೋಗ್ಯತೆ ಏನೋ?’ ಅಂತ ಗುಡುಗುತ್ತಾನೆ. ಗೋಡೌನಿನಲ್ಲಿ ಒಂದು ಫೈಟು. ಕೊನೆಗೆ ಅದೇ ಅಪ್ಪ ಕಣ್ಣೊರೆಸಿಕೊಂಡು ಮಗಳ ಕೈಯನ್ನು ನಾಯಕನ ಕೈಯಲ್ಲಿ ಇಡುತ್ತಾನೆ. ಎಲ್ಲರೂ ಸೇರಿ ಗ್ರೂಪ್ ಫೋಟೋ. ಶುಭಂ! ನಾವು ಕತ್ತಲೆಯಲ್ಲೇ ಕಾಲಾಡಿಸಿ ಚಪ್ಪಲಿ ಹುಡುಕುತ್ತೇವೆ.

ಓದುಗ ಮಿತ್ರರೇ, ಆ ನಾಯಕ ಮಾರನೇ ದಿನ ಏನು ಮಾಡಿದ ಅಂತ ಎಂದಾದರೂ ಯೋಚಿಸಿದ್ದೀರಾ? ಎಷ್ಟು ಗಂಟೆಗೆ ಎದ್ದ? ಯಾರ ಮನೆಯ ಕಾಫಿ ಕುಡಿದ? ಪೆಟ್ರೋಲಿಗೆ ಯಾರ ಹತ್ತಿರ ದುಡ್ಡು ಕೇಳಿದ? ಮೂರನೇ ತಿಂಗಳಲ್ಲಿ ಹಳೇ ಗೆಳೆಯರು ಆ ಬಂಗಲೆಯ ಗೇಟಿಗೆ ಬಂದಾಗ ವಾಚ್‌ಮನ್ ಒಳಗೆ ಬಿಟ್ಟನಾ?

ಇದನ್ನು ನಮ್ಮ ಸಿನಿಮಾ ತೋರಿಸೋದಿಲ್ಲ. ತೋರಿಸಿದರೂ ನಾಯಕ ಬದಲಾಗೋದಿಲ್ಲ. 1974ರ ‘ಸಂಪತ್ತಿಗೆ ಸವಾಲ್’ ನೋಡಿ. ಅಣ್ಣಾವ್ರ ಭದ್ರ ಶ್ರೀಮಂತಿಕೆಯ ಎದುರು ಎದೆ ಸೆಟೆಸಿ ನಿಲ್ಲುತ್ತಾನೆ. 1986ರ ‘ಅನುರಾಗ ಅರಳಿತು’ ಚಿತ್ರದಲ್ಲಂತೂ ನಾಯಕ ಫ್ಯಾಕ್ಟರಿಯ ಒಡತಿಯನ್ನೇ ಮದುವೆಯಾಗುತ್ತಾನೆ, ಆದರೆ ಕೆಲಸಗಾರನ ಮರ್ಯಾದೆಯನ್ನ ಒಂದು ಗುಲಗಂಜಿಯಷ್ಟೂ ಬಿಟ್ಟುಕೊಡೋದಿಲ್ಲ. ಬದಲಾಗೋದು ಮಾಧವಿ, ರಾಜ್‌ಕುಮಾರ್ ಅಲ್ಲ. ಈ ಕಥೆಗೆ ಎಂಥಾ ಆಕರ್ಷಣೆ ಅಂದರೆ 1992ರಲ್ಲಿ ತೆಲುಗಿಗೆ ‘ಘರಾನಾ ಮೊಗುಡು’, ತಮಿಳಿಗೆ ‘ಮನ್ನನ್’ ಆಗಿ ಹೋಯ್ತು, 1994ರಲ್ಲಿ ಹಿಂದಿಯಲ್ಲಿ ‘ಲಾಡ್ಲಾ’ ಆಯ್ತು. ನಾಲ್ಕು ಭಾಷೆ, ನಾಲ್ಕು ನಾಯಕರು. ಒಬ್ಬನಿಗೂ ಹೆಂಡತಿಯ ಹಣದ ಅಮಲು ತಲೆಗೇರಲಿಲ್ಲ.

ನೋಡೋಕೆ ಚೆಂದ, ಸೀಟಿ ಹೊಡೆಯೋಕೆ ಇನ್ನೂ ಚೆಂದ. ಆದರೆ ನಮ್ಮ ಬೀದಿಯಲ್ಲಿ, ನಮ್ಮ ಊರಿನಲ್ಲಿ, ನಮ್ಮ ಜೊತೆ ಬೆಂಚಿನಲ್ಲಿ ಕೂತಿದ್ದವರಲ್ಲಿ ಎಷ್ಟು ಜನ ಅಣ್ಣಾವ್ರಾಗಿ ಉಳಿದರು? ಅಲ್ಲೇ ಇರೋದು ಸ್ವಾಮಿ ಪ್ರಶ್ನೆ.

ಇಂಟರ್‌ವಲ್ ಆದ ಮೇಲೆ ಮದುವೆ!

ಈ ಪ್ರಶ್ನೆಯನ್ನು ನನ್ನ ತಲೆಗೆ ಹೊಕ್ಕಿಸಿದ್ದು ಒಂದು ಇಂಗ್ಲಿಷ್ ಚಿತ್ರ. ಹೆಸರು ‘ಬ್ಯಾರಿ ಲಿಂಡನ್’. ಬಿಡುಗಡೆಯಾದದ್ದು 1975ರಲ್ಲಿ. ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್. ಮೂರು ಗಂಟೆಗಿಂತ ಉದ್ದದ ಚಿತ್ರ. ನಾನು ನೋಡಿದ್ದು ಮೊಬೈಲಿನ ಪುಟ್ಟ ಪರದೆಯಲ್ಲಿ, ಎರಡು ರಾತ್ರಿ ಕೂತು. ಕಾದಾಟ ಕಡಿಮೆ, ಓಟ ಇಲ್ಲವೇ ಇಲ್ಲ. ಆದರೂ ಎರಡನೇ ರಾತ್ರಿ ನಿದ್ದೆ ಬರಲಿಲ್ಲ.

ಚಿತ್ರದ ತಾಂತ್ರಿಕ ಭಾಗದ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗ್ತೀನಿ, ಇಲ್ಲದಿದ್ದರೆ ಕ್ಯಾಮೆರಾ ಹುಚ್ಚಿನ ಹುಡುಗರು ಬೈತಾರೆ. ಇದರಲ್ಲಿ ರಾತ್ರಿಯ ಕೆಲವು ದೃಶ್ಯಗಳನ್ನು ಬರೀ ಮೇಣದ ಬತ್ತಿಯ ಬೆಳಕಿನಲ್ಲಿ ತೆಗೆದಿದ್ದಾರೆ. ಅದಕ್ಕೆ ಬಳಸಿದ ಲೆನ್ಸುಗಳು ಜರ್ಮನಿಯ ಝೈಸ್ ಕಂಪನಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾಗೆ ಅಂತ ತಯಾರಿಸಿದ್ದವು. ಛಾಯಾಗ್ರಾಹಕ ಜಾನ್ ಆಲ್ಕಾಟ್‌ಗೆ ಆಸ್ಕರ್ ಬಂತು. ಒಟ್ಟು 4 ಆಸ್ಕರ್ ಚಿತ್ರದ ಪಾಲಾಯ್ತು.

ಈಗ ಕಥೆಗೆ ಬನ್ನಿ. 18ನೇ ಶತಮಾನದ ಐರ್ಲೆಂಡ್. ರೆಡ್ಮಂಡ್ ಬ್ಯಾರಿ ಅನ್ನೋ ಹಳ್ಳಿ ಹುಡುಗ. ಅಪ್ಪ ಇಲ್ಲ, ಆಸ್ತಿ ಇಲ್ಲ. ಪ್ರೀತಿಸಿದ ಹುಡುಗಿ ದುಡ್ಡಿರುವ ಕ್ಯಾಪ್ಟನ್ ಕಡೆ ವಾಲುತ್ತಾಳೆ. ಇವನು ದ್ವಂದ್ವಯುದ್ಧ ಮಾಡಿ ಊರು ಬಿಡುತ್ತಾನೆ, ದಾರಿಯಲ್ಲಿ ಕಳ್ಳರು ಇದ್ದಬದ್ದದ್ದನ್ನೆಲ್ಲ ಕಿತ್ತುಕೊಳ್ಳುತ್ತಾರೆ. ಹೊಟ್ಟೆಪಾಡಿಗೆ ಸೈನ್ಯ ಸೇರುತ್ತಾನೆ, ಅಲ್ಲಿಂದ ಓಡಿಹೋಗುತ್ತಾನೆ, ಇನ್ನೊಂದು ಸೈನ್ಯದ ಕೈಗೆ ಸಿಕ್ಕಿಬೀಳುತ್ತಾನೆ, ಕೊನೆಗೆ ಒಬ್ಬ ಜೂಜುಕೋರನ ಜೊತೆ ಸೇರಿ ಯುರೋಪಿನ ಅರಮನೆಗಳಲ್ಲಿ ಇಸ್ಪೀಟು ಆಡಿಸುತ್ತಾನೆ. ಅಲ್ಲಿಯವರೆಗೂ ನಾವು ಅವನ ಕಡೆಯೇ. ‘ಗೆಲ್ಲು ಮಗಾ’ ಅಂತೀವಿ. ಅವನ ಕಣ್ಣಿಗೆ ಲೇಡಿ ಲಿಂಡನ್ ಬೀಳುತ್ತಾಳೆ. ದೊಡ್ಡ ಜಮೀನ್ದಾರಿಣಿ, ಸುಂದರಿ. ಗಂಡ ರೋಗಿಷ್ಠ ಮುದುಕ. ಮುದುಕ ಸಾಯುತ್ತಾನೆ.

ನಮ್ಮವರಾಗಿದ್ದರೆ ಇಲ್ಲಿಂದ ಹತ್ತು ನಿಮಿಷದಲ್ಲಿ ಶುಭಂ. ಕುಬ್ರಿಕ್ ಏನು ಮಾಡಿದ್ದಾನೆ ಗೊತ್ತಾ? ಇಲ್ಲಿ ಇಂಟರ್‌ವಲ್ ಬೋರ್ಡು ಹಾಕಿದ್ದಾನೆ! ಇಂಟರ್‌ವಲ್ ಆದ ಮೇಲಿನ ಮೊದಲ ದೃಶ್ಯವೇ ಚರ್ಚಿನಲ್ಲಿ ಮದುವೆ. 1773ರ ಜೂನ್ 15 ಅಂತ ತಾರೀಖು ಬೇರೆ ಹೇಳುತ್ತಾರೆ. ಅಂದರೆ ಮದುವೆ ಕಥೆಯ ಮುಕ್ತಾಯ ಅಲ್ಲ, ಅರ್ಧ ದಾರಿ. ಬ್ಯಾರಿ ಹೆಂಡತಿಯ ಮನೆತನದ ಹೆಸರನ್ನೇ ತನ್ನ ಹೆಸರಿಗೆ ಅಂಟಿಸಿಕೊಂಡು ಬ್ಯಾರಿ ಲಿಂಡನ್ ಆಗುತ್ತಾನೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅಪ್ಪಟ ಮನೆಅಳಿಯ.

ಮದುವೆಯ ಸಾರೋಟಿನಲ್ಲೇ ಶುರುವಾಗುತ್ತೆ ನೋಡಿ. ಹೊಸ ಹೆಂಡತಿ ಮೆತ್ತಗೆ, ಪೈಪು ಸೇದೋದನ್ನ ಸ್ವಲ್ಪ ಹೊತ್ತು ನಿಲ್ಲಿಸಿ ಅಂತಾಳೆ. ಬ್ಯಾರಿ ನಗುತ್ತಾ ಆ ಹೊಗೆಯನ್ನ ಅವಳ ಮುಖಕ್ಕೇ ಬಿಡುತ್ತಾನೆ. ಒಂದು ಏಟಿಲ್ಲ, ಒಂದು ಬೈಗುಳ ಇಲ್ಲ. ಆ ಹೊಗೆಯಲ್ಲೇ ಎಲ್ಲಾ ಗೊತ್ತಾಗಿಬಿಡುತ್ತೆ. ಮೊದಲ ಭಾಗದಲ್ಲಿ ನಾವು ಬೆನ್ನು ತಟ್ಟಿದ ಹುಡುಗ ಇವನೇನಾ?

ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿತ. ಪರಸ್ತ್ರೀಯರ ಸಹವಾಸ. ಮಲಮಗ ಬುಲಿಂಗ್‌ಡನ್‌ಗೆ ಬೆತ್ತದ ಏಟು. ಅಷ್ಟರಲ್ಲಿ ಬ್ಯಾರಿಯ ಸ್ವಂತ ತಾಯಿ ಮಗನ ಕಿವಿಯಲ್ಲಿ ಒಂದು ಹುಳ ಬಿಡುತ್ತಾಳೆ: ನಿನ್ನ ಹೆಸರಿನಲ್ಲಿ ಒಂದು ಕಾಸೂ ಇಲ್ಲ, ನಾಳೆ ನಿನ್ನ ಹೆಂಡತಿ ಸತ್ತರೆ ಎಲ್ಲಾ ಆ ಮಲಮಗನಿಗೆ, ನಿನಗೆ ಅಂತ ಒಂದು ದೊಡ್ಡ ಬಿರುದು ಬೇಕು. ಸರಿ, ಬಿರುದು ಕೊಡಿಸುವ ದೊಡ್ಡ ಮನುಷ್ಯರಿಗೆ ಔತಣ, ಉಡುಗೊರೆ, ಲಂಚ. ಕಂಡ ಕಂಡ ಬೆಲೆಗೆ ಪೇಂಟಿಂಗು. ಎಲ್ಲಾ ಹೆಂಡತಿಯ ಗಂಟು. ಹಾಳೆ ಮೇಲೆ ಹಾಳೆ ಸಹಿ ಹಾಕುತ್ತಾ ಕೂರುವುದಷ್ಟೇ ಅವಳ ಕೆಲಸ. ಒಂದು ದಿನ ಸಂಗೀತ ಕಛೇರಿಯಲ್ಲಿ, ಊರಿನ ಗಣ್ಯರೆಲ್ಲ ಕೂತಿರುವಾಗ, ಬೆಳೆದ ಮಲಮಗ ಇವನ ಬಂಡವಾಳ ಬಿಚ್ಚುತ್ತಾನೆ. ಬ್ಯಾರಿ ಎಲ್ಲರೆದುರು ಅವನ ಮೇಲೆ ಬಿದ್ದು ನೆಲಕ್ಕೆ ಕೆಡವಿ ಗುದ್ದುತ್ತಾನೆ. ಅಲ್ಲಿಗೆ ಬಿರುದಿನ ಆಸೆ ಮಣ್ಣುಪಾಲು. ನಿನ್ನೆವರೆಗೆ ಇವನ ಮನೆಯಲ್ಲಿ ಉಂಡವರು ಇವತ್ತು ಹೋಟೆಲಿನಲ್ಲಿ ಕಂಡರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾರೆ.

ಬ್ಯಾರಿ ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದ್ದು ಸ್ವಂತ ಮಗ ಬ್ರಯಾನ್‌ನನ್ನ. ಹುಟ್ಟುಹಬ್ಬಕ್ಕೆ ಅಂತ ತಂದ ಕುದುರೆಯನ್ನ ಮಗು ಕದ್ದು ಹತ್ತುತ್ತೆ, ಬೀಳುತ್ತೆ, ಸಾಯುತ್ತೆ. ಕಡೆಗೆ ಮಲಮಗನ ಜೊತೆ ದ್ವಂದ್ವಯುದ್ಧ. ಹುಡುಗನ ಪಿಸ್ತೂಲು ತಾನಾಗಿಯೇ ಹಾರಿ ಗುಂಡು ವ್ಯರ್ಥವಾಗುತ್ತೆ. ಈಗ ಬ್ಯಾರಿಯ ಸರದಿ. ಕೊಲ್ಲಬಹುದಿತ್ತು. ಗುಂಡನ್ನು ನೆಲಕ್ಕೆ ಹೊಡೆಯುತ್ತಾನೆ. ಇಡೀ ಎರಡನೇ ಭಾಗದಲ್ಲಿ ಅವನು ಮಾಡಿದ ಒಂದೇ ಒಂದು ದೊಡ್ಡ ಕೆಲಸ ಅದು. ಮಲಮಗ ಬಿಡೋದಿಲ್ಲ, ಎರಡನೇ ಸಲ ಗುರಿಯಿಟ್ಟು ಕಾಲಿಗೆ ಹೊಡೆಯುತ್ತಾನೆ. ಮೊಣಕಾಲಿನ ಕೆಳಗೆ ಕಾಲು ಕತ್ತರಿಸಬೇಕಾಗುತ್ತೆ. ಇಂಗ್ಲೆಂಡ್ ಬಿಟ್ಟು ಹೋದರೆ ವರ್ಷಕ್ಕೆ 500 ಗಿನಿ ಜೀವನಾಂಶ, ಇದ್ದರೆ ಸಾಲಗಾರರ ಜೈಲು. ಊರುಗೋಲು ಹಿಡಿದು ಸಾರೋಟು ಹತ್ತುವ ಬ್ಯಾರಿ, ಆ ಜೀವನಾಂಶದ ಕಾಗದಕ್ಕೆ ಸಹಿ ಹಾಕುತ್ತಾ ಒಂದು ಕ್ಷಣ ಪೆನ್ನು ನಿಲ್ಲಿಸುವ ಲೇಡಿ ಲಿಂಡನ್. ಕಾಗದದ ಮೇಲೆ 1789 ಅಂತ ವರ್ಷ. ಅಷ್ಟೇ ಕಥೆ.

ಕಥೆಗಿಂತ ಖದೀಮನಾದ ನಿಜವಾದ ಅಳಿಯ

ಈ ಚಿತ್ರಕ್ಕೆ ಮೂಲ ಥ್ಯಾಕರೆಯ ಕಾದಂಬರಿ. 1844ರಲ್ಲಿ ಲಂಡನ್ನಿನ ಒಂದು ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅಂದ ಹಾಗೆ ಈ ಥ್ಯಾಕರೆ ಹುಟ್ಟಿದ್ದು ನಮ್ಮ ಕಲ್ಕತ್ತದಲ್ಲಿ, 1811ರಲ್ಲಿ. ಅವನು ಕಥೆಯನ್ನ ಪೂರ್ತಿ ಕಲ್ಪನೆಯಿಂದ ಕಟ್ಟಿದ್ದಲ್ಲ. ನಿಜವಾಗಿ ಬದುಕಿದ್ದ ಒಬ್ಬ ಅಳಿಯದೇವರನ್ನ ಮುಂದಿಟ್ಟುಕೊಂಡು ಬರೆದದ್ದು. ಆ ಮನುಷ್ಯನ ಹೆಸರು ಆಂಡ್ರ್ಯೂ ರಾಬಿನ್ಸನ್ ಸ್ಟೋನಿ. ಅವನ ಕಥೆ ಓದಿದರೆ ಬ್ಯಾರಿ ಲಿಂಡನ್ ದೇವರಂಥವನು ಅನ್ನಿಸುತ್ತೆ.

ಸ್ಟೋನಿ ಐರ್ಲೆಂಡಿನವನು, ಸೈನ್ಯದಲ್ಲಿ ಸಣ್ಣ ಅಧಿಕಾರಿ. ಮೊದಲ ಹೆಂಡತಿ ಕಲ್ಲಿದ್ದಲು ಗಣಿಯ ಹಣದ ವಾರಸುದಾರಳು. ಅವಳು ತೀರಿಕೊಂಡಳು. ಆಮೇಲೆ ಅವನ ಕಣ್ಣು ಬಿದ್ದದ್ದು ಸ್ಟ್ರಾತ್‌ಮೋರಿನ ಕೌಂಟೆಸ್ ಮೇರಿ ಎಲೀನರ್ ಬೋವ್ಸ್ ಮೇಲೆ. ಆಕೆಯ ತಂದೆ ಕಲ್ಲಿದ್ದಲಿನ ದೊಡ್ಡ ಕುಳ, ಆಕೆ ಹನ್ನೊಂದರ ಪ್ರಾಯದಲ್ಲೇ ಆ ಅಪಾರ ಆಸ್ತಿಗೆ ಒಡತಿ. 1776ರಲ್ಲಿ ವಿಧವೆಯಾದಳು. ಓದಿದವಳು, ನಾಟಕ ಬರೆದವಳು, ಗಿಡಮರಗಳ ಶಾಸ್ತ್ರ ಬಲ್ಲವಳು. ಗಿಡ ಹುಡುಕಿ ತರಲು ದಕ್ಷಿಣ ಆಫ್ರಿಕಾಕ್ಕೆ ಮನುಷ್ಯನನ್ನು ಕಳಿಸಿದ್ದಾಕೆ.

ಆ ಹೊತ್ತಿಗೆ ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಆಕೆಯ ಬಗ್ಗೆ ಕೊಳಕು ಬರಹ ಬಂತು. ಸ್ಟೋನಿ ‘ನಿಮ್ಮ ಮಾನ ಕಾಪಾಡ್ತೀನಿ’ ಅಂತ ಎದ್ದ. 1777ರ ಜನವರಿ 13ರಂದು ಲಂಡನ್ನಿನ ಒಂದು ಹೋಟೆಲಿನಲ್ಲಿ ಪತ್ರಿಕೆಯ ಸಂಪಾದಕನ ಜೊತೆ ದ್ವಂದ್ವಯುದ್ಧ. ಸ್ಟೋನಿಗೆ ಸಾವು ಹತ್ತಿರವಾಗುವಂಥ ಗಾಯ ಅಂತ ಸುದ್ದಿ! ಸಾಯುವ ವೀರನ ಕೊನೆಯ ಆಸೆ ಅಂತ ಕೌಂಟೆಸ್ ಒಪ್ಪಿದಳು. ನಾಲ್ಕೇ ದಿನ, ಜನವರಿ 17ಕ್ಕೆ ಅವನನ್ನು ಹೊತ್ತುಕೊಂಡು ಬಂದು ಚರ್ಚಿನಲ್ಲಿ ಮದುವೆ ಮಾಡಿಸಿದರು. ವರ ಮಹಾಶಯ ಬಹಳ ಬೇಗ ಗುಣವಾದ. ಯುದ್ಧವೇ ನಾಟಕ. ನಮ್ಮ ಯಾವ ಖಳನಾಯಕನಿಗೂ ಇಂಥಾ ಐಡಿಯಾ ಹೊಳೆದಿಲ್ಲ ಸ್ವಾಮಿ!

ಆಕೆಯ ತಂದೆಯ ಉಯಿಲಿನ ಪ್ರಕಾರ ಅಳಿಯನಾದವನು ಬೋವ್ಸ್ ಅನ್ನೋ ಮನೆತನದ ಹೆಸರು ಇಟ್ಟುಕೊಳ್ಳಬೇಕು. ಸ್ಟೋನಿ ಇಟ್ಟುಕೊಂಡ. ಹೆಸರು ಬಂತು, ಬಂಗಲೆ ಬಂತು. 1780ರಲ್ಲಿ ನ್ಯೂಕ್ಯಾಸಲ್‌ನಿಂದ ಪಾರ್ಲಿಮೆಂಟಿಗೂ ಹೋದ. ಆದರೆ ಮದುವೆಯಾದ ಹೊಸತರಲ್ಲೇ ಅವನಿಗೆ ಒಂದು ಗುಟ್ಟು ಗೊತ್ತಾಗಿತ್ತು. ಆ ಕಾಲದ ಇಂಗ್ಲೆಂಡಿನ ಕಾನೂನಿನಲ್ಲಿ ಮದುವೆಯಾದ ಹೆಣ್ಣಿನ ಆಸ್ತಿಯ ಮೇಲೆ ಗಂಡನದೇ ಅಧಿಕಾರ. ಅದನ್ನು ತಪ್ಪಿಸೋಕೆ ಒಂದೇ ದಾರಿ, ಮದುವೆಗೆ ಮುಂಚೆ ಟ್ರಸ್ಟಿನ ಪತ್ರ ಮಾಡಿಸಬೇಕು. ಮೇರಿ ಎಲೀನರ್ ಮಾಡಿಸಿಬಿಟ್ಟಿದ್ದಳು! ಆಸ್ತಿ ಆಕೆಯ ಕೈಯಲ್ಲೇ ಭದ್ರ. ಅಳಿಯದೇವರ ಕೈಗೆ ಬಂದದ್ದು ಬರೀ ಹೆಸರು.

ಅಲ್ಲಿಂದ ಶುರು ನರಕ. 1777ರ ಮೇ ತಿಂಗಳಲ್ಲೇ ಆ ಪತ್ರವನ್ನು ಬಲವಂತದಿಂದ ರದ್ದು ಮಾಡಿಸಿದ. ಹೊಡೆದ. ಕೂಡಿಹಾಕಿದ. ಆಕೆಯ ಪ್ರಾಣವಾಗಿದ್ದ ತೋಟಕ್ಕೆ ಹೋಗೋದನ್ನ ತಡೆದ. ತನ್ನ ಹಳೇ ಜೀವನದ ತಪ್ಪುಗಳನ್ನೆಲ್ಲ ಆಕೆ ತನ್ನ ಕೈಯಾರೆ ಬರೆದುಕೊಡಬೇಕು ಅಂತ ಬರೆಸಿ ಇಟ್ಟುಕೊಂಡ. 1785ರಲ್ಲಿ ಮನೆಗೆಲಸದ ಹೆಂಗಸರ ಸಹಾಯದಿಂದ ಆಕೆ ತಪ್ಪಿಸಿಕೊಂಡು ವಿಚ್ಛೇದನಕ್ಕೆ ಅರ್ಜಿ ಹಾಕಿದಳು. 1786ರ ನವೆಂಬರಿನಲ್ಲಿ ಲಂಡನ್ನಿನ ನಡುಬೀದಿಯಿಂದ ಅವಳನ್ನ ಅಪಹರಿಸಿ, ಚಳಿಯಲ್ಲಿ ಉತ್ತರದ ಕಡೆ ಎಳೆದುಕೊಂಡು ಹೋದ. ಸುಮಾರು ಒಂದು ವಾರದ ಮೇಲೆ ಹಳ್ಳಿಯ ಜನ ಅವನನ್ನು ಹಿಡಿದು ಆಕೆಯನ್ನು ಬಿಡಿಸಿದರು. 1787ರಲ್ಲಿ 3 ವರ್ಷ ಶಿಕ್ಷೆ. ಮದುವೆಗೆ ಮುಂಚಿನ ಆ ಪತ್ರವನ್ನೇ ಕೋರ್ಟು ಎತ್ತಿಹಿಡಿಯಿತು. 1789ರಲ್ಲಿ ವಿಚ್ಛೇದನ ಅಂತಿಮವಾಯ್ತು. ಸಿನಿಮಾದ ಕೊನೆಯ ಕಾಗದದ ಮೇಲಿರುವುದೂ ಅದೇ ವರ್ಷ. ಸ್ಟೋನಿ 1810ರಲ್ಲಿ ಸತ್ತಾಗಲೂ ಸಾಲದ ಬಂಧನದಿಂದ ಬಿಡುಗಡೆ ಆಗಿರಲಿಲ್ಲ.

ಮದುವೆ ಕಾರಿನಲ್ಲಿ ಅತ್ತ ಗಂಡು

‘ಅದೆಲ್ಲ ರಾಜರ ಕಾಲದ ಕಥೆ ಗುರುವೇ’ ಅಂತೀರಾ? ಹಾಗಾದರೆ 1959ರ ‘ರೂಮ್ ಅಟ್ ದ ಟಾಪ್’ ನೋಡಿ. ಜಾಕ್ ಕ್ಲೇಟನ್ ನಿರ್ದೇಶನ, ಲಾರೆನ್ಸ್ ಹಾರ್ವಿ ನಾಯಕ. ಜೋ ಲ್ಯಾಂಪ್ಟನ್ ಅನ್ನೋ ಗುಮಾಸ್ತ ಹೊಸ ಊರಿಗೆ ಬರುತ್ತಾನೆ. ಕಣ್ಣು ಗಿರಣಿ ಮಾಲೀಕನ ಮಗಳ ಮೇಲೆ. ಹೃದಯ ಮಾತ್ರ ಆಲಿಸ್ ಎಂಬ ಇನ್ನೊಬ್ಬಳ ಹತ್ತಿರ. ಅವಳು ವಯಸ್ಸಿನಲ್ಲಿ ದೊಡ್ಡವಳು, ಇನ್ನೊಬ್ಬನ ಹೆಂಡತಿ, ಸುಖ ಕಾಣದವಳು. ಗಿರಣಿ ಮಾಲೀಕನ ಮಗಳು ಗರ್ಭಿಣಿಯಾದಾಗ ಮಾವ ಷರತ್ತು ಹಾಕುತ್ತಾನೆ: ಮದುವೆಯಾಗು, ಆಲಿಸ್‌ಳ ಮುಖ ಮತ್ತೆ ನೋಡಬೇಡ. ಜೋ ಒಪ್ಪುತ್ತಾನೆ. ಆಲಿಸ್ ಕುಡಿದು ಕಾರು ಓಡಿಸಿ ಸಾಯುತ್ತಾಳೆ. ಆಲಿಸ್ ಪಾತ್ರಕ್ಕೆ ಸಿಮೋನ್ ಸಿನ್ಯೊರೆಗೆ ಆಸ್ಕರ್ ಬಂತು, ಅದರಲ್ಲಿ ಆಶ್ಚರ್ಯವಿಲ್ಲ.

ಕೊನೆಗೆ ಮದುವೆ ಮುಗಿಸಿ ಹೊರಟ ಕಾರಿನಲ್ಲಿ ಜೋನ ಕಣ್ಣಲ್ಲಿ ನೀರು. ಪಕ್ಕದಲ್ಲಿ ಕೂತ ಹೆಂಡತಿ ಅದು ಆನಂದಬಾಷ್ಪ ಅಂದುಕೊಳ್ಳುತ್ತಾಳೆ! ಪಾಪ, ಅವಳು ತಾನೇ ಏನು ಮಾಡ್ಯಾಳು? ಅವಳೊಂದಿಗೆ ಮದುವೆಯಾದವನು ಅವಳ ಗಂಡನಲ್ಲ, ಅವರಪ್ಪನ ಗಿರಣಿಯ ಅಳಿಯ. 1965ರಲ್ಲಿ ‘ಲೈಫ್ ಅಟ್ ದ ಟಾಪ್’ ಅಂತ ಮುಂದಿನ ಭಾಗ ಬಂತು. ಹತ್ತು ವರ್ಷದ ನಂತರ ಜೋ ಹೇಗಿದ್ದಾನೆ? ಮಾವನ ಕೈಕೆಳಗೆ ಕೆಲಸ ಮಾಡುತ್ತಾ, ಒಳಗೊಳಗೇ ಕುದಿಯುತ್ತಾ ಇದ್ದಾನೆ.

ನಮ್ಮ ಹಿಂದಿಯವರು ಈ ಮನುಷ್ಯನನ್ನ ತೋರಿಸಿಲ್ಲ ಅಂತಲ್ಲ. 1978ರ ‘ತ್ರಿಶೂಲ್’ ಇದೆಯಲ್ಲ. ಯಶ್ ಚೋಪ್ರಾ ನಿರ್ದೇಶನ, ಸಲೀಂ-ಜಾವೇದ್ ಕಥೆ. ಸಂಜೀವ್ ಕುಮಾರ್ ಮಾಡಿದ ಆರ್.ಕೆ. ಗುಪ್ತಾ, ಪ್ರೀತಿಸಿದ ವಹೀದಾ ರೆಹಮಾನ್‌ಳನ್ನು ಬಿಟ್ಟು ಯಜಮಾನನ ಮಗಳನ್ನು ಕಟ್ಟಿಕೊಂಡು ದೊಡ್ಡ ಬಿಲ್ಡರ್ ಆಗುತ್ತಾನೆ. ಆದರೆ ಕ್ಯಾಮೆರಾ ಅವನ ಹಿಂದೆ ಹೋಗೋದಿಲ್ಲ. ಕೈಬಿಟ್ಟವಳ ಮಗ ಅಮಿತಾಭ್ ಬೆಳೆದು ಬಂದು ಸೇಡು ತೀರಿಸಿಕೊಳ್ಳೋದನ್ನ ತೋರಿಸುತ್ತೆ. ನಾವು ಅಮಿತಾಭ್ ಆಗಿ ಚಪ್ಪಾಳೆ ಹೊಡೆಯುತ್ತೇವೆ. ನಮಗೆ ಸಂಜೀವ್ ಕುಮಾರ್ ಆಗುವ ಅವಕಾಶವನ್ನ ಯಾರೂ ಕೊಡೋದಿಲ್ಲ. ಇದೇ ನೋಡಿ ಮೋಸ. ಯಾಕೆಂದರೆ ಜೀವನದಲ್ಲಿ ನಮಗೆ ಬರುವ ಅವಕಾಶ ಸಾಮಾನ್ಯವಾಗಿ ಅಮಿತಾಭ್‌ನದಲ್ಲ, ಸಂಜೀವ್ ಕುಮಾರನದೇ.

ಗಲ್ಲಾಪೆಟ್ಟಿಗೆಯ ಬೀಗದ ಕೈ

ಈಗ ಒಬ್ಬ ಗೆಳೆಯನ ಮಾತು. ಹೆಸರು ಬೇಡ, ಊರೂ ಬೇಡ. ಕೊಬ್ಬರಿ ವ್ಯಾಪಾರದ ಊರು ಅಂದುಕೊಳ್ಳಿ ಸಾಕು.

ಪಿಯುಸಿಯಲ್ಲಿ ಒಂದೇ ಬೆಂಚು. ನಾನು ಅಲ್ಲಿಗೇ ಓದು ಬಿಟ್ಟೆ, ಅವನು ಬಿ.ಕಾಂ. ಮುಗಿಸಿದ. ಅವರಪ್ಪ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಟೈಲರ್. ಫಸ್ಟ್ ಡೇ ಫಸ್ಟ್ ಶೋಗೆ ಟಿಕೆಟ್ ಇಲ್ಲದೆ ನಾನು ನಿಂತಿದ್ದಾಗೆಲ್ಲ ಎಲ್ಲಿಂದಲೋ ಎರಡು ಟಿಕೆಟ್ ಹಿಡಿದು ಬರುತ್ತಿದ್ದವನು ಅವನೇ. ಸ್ಕ್ರೀನಿನ ಡೈಲಾಗಿಗೆ ಮುಂಚೆ ಅವನ ಡೈಲಾಗು ಬೀಳುತ್ತಿತ್ತು, ಇಡೀ ಸಾಲು ನಗುತ್ತಿತ್ತು.

ಕೊಬ್ಬರಿ ಮಂಡಿ ಸಾಹುಕಾರರ ಒಬ್ಬಳೇ ಮಗಳ ಸಂಬಂಧ ಬಂತು. ಹುಡುಗ ಮನೆಯಲ್ಲೇ ಇರಬೇಕು, ಮಂಡಿ ನೋಡಿಕೊಳ್ಳಬೇಕು ಅಂತ ಮಾತು. ಇವನು ಹಾರಿಬಿದ್ದು ಒಪ್ಪಿದ. ಅವರಪ್ಪ ಮಗನ ಮದುವೆಗೆ ಅಂತ ರಾತ್ರಿಯೆಲ್ಲ ಕೂತು ಒಂದು ಕೋಟು ಹೊಲಿದರು. ಮಾವನ ಕಡೆಯಿಂದ ಬೆಂಗಳೂರಿನ ಶೋರೂಮಿನ ಸೂಟು ಬಂದಿತ್ತು. ಅವನು ಅದನ್ನೇ ತೊಟ್ಟ. ಅಪ್ಪ ಹೊಲಿದ ಕೋಟು ಇವತ್ತಿಗೂ ಆ ಟೈಲರ್ ಅಂಗಡಿಯ ಗೋಡೆಯಲ್ಲಿ ನೇತಾಡುತ್ತಿದೆ. ಗಿರಾಕಿಗಳು ಕೇಳಿದರೆ, ‘ಅದು ಆರ್ಡರ್ ಮಾಲು. ಅವರು ಇನ್ನೂ ತಗೊಂಡು ಹೋಗಿಲ್ಲ ಅಷ್ಟೇ’ ಅಂತಾರೆ ಯಜಮಾನರು.

ಮಂಡಿಯಲ್ಲಿ ಅವನಿಗೆ ಕುರ್ಚಿ ಸಿಕ್ಕಿತು. ಜನರೆದುರು ಮಾವ ‘ನಮ್ಮ ಅಳಿಯಂದ್ರು, ಅಳಿಯಂದ್ರು’ ಅಂತ ಬಾಯಿ ತುಂಬ ಕರೆಯೋರು. ಆದರೆ ಗಲ್ಲಾಪೆಟ್ಟಿಗೆಯ ಬೀಗದ ಕೈ ಮಾವನ ಉಡಿದಾರದಲ್ಲೇ ಉಳಿಯಿತು. ದಿನಾ ಸಾಯಂಕಾಲ ಲೆಕ್ಕ ಒಪ್ಪಿಸಬೇಕು. ಟೀ ತರಿಸಿದ ಹತ್ತು ರೂಪಾಯಿಗೂ ಚೀಟಿ. ಒಂದು ಸಲ ನನ್ನ ಜೊತೆ ಸೋಡಾ ಕುಡಿಯುತ್ತಾ, ‘ಮಗಾ, ನಾನು ಅಲ್ಲಿ ಅಳಿಯನೋ ಗುಮಾಸ್ತನೋ ನಂಗೇ ಗೊತ್ತಾಗ್ತಿಲ್ಲ ಕಣೋ’ ಅಂದ. ಅವನ ಬಾಯಿಂದ ನಾನು ಕೇಳಿದ ಕೊನೆಯ ನಿಜವಾದ ಮಾತು ಅದು.

ಆಮೇಲೆ ಅವನು ತನ್ನದೇ ದಾರಿ ಕಂಡುಕೊಂಡ. ರೈತರು ತಂದ ಕೊಬ್ಬರಿಗೆ ತೇವ ಜಾಸ್ತಿ ಅಂತ ಚೀಲಕ್ಕೆ ಒಂದೆರಡು ಕೆಜಿ ಕಳೆದು, ಆ ದುಡ್ಡನ್ನ ಮಾವನ ಲೆಕ್ಕಕ್ಕೆ ಸೇರಿಸದೆ ಜೇಬಿಗೆ ಹಾಕಿದ. ಹಾಗೆ ಮೋಸ ಹೋದವರಲ್ಲಿ ಅವರಪ್ಪನ ಸ್ವಂತ ಹಳ್ಳಿಯವರೂ ಇದ್ದರು. ಆ ದುಡ್ಡು ಕ್ರಿಕೆಟ್ ಬೆಟ್ಟಿಂಗಿಗೆ. ಅದು ಸಾಲದೆ ಹೆಂಡತಿಯ ನಾಲ್ಕು ಬಳೆ ಗಿರವಿ ಅಂಗಡಿಗೆ. ಬಳೆ ಎಲ್ಲಿ ಅಂತ ಕೇಳಿದ್ದಕ್ಕೆ ಏಟು. ‘ನಿಮ್ಮಪ್ಪನ ದುಡ್ಡಿನ ಗರ್ವ ನಿನಗೆ’ ಅಂತ ಬೈದು ಹೊಡೆದನಂತೆ. ಆ ಹುಡುಗಿ ಬಳೆ ಕೇಳಿದ್ದಳೇ ಹೊರತು ಗರ್ವ ಪಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಆಕೆಯೇ ನನ್ನನ್ನು ನಿಲ್ಲಿಸಿ ಮಾತಾಡಿಸಿದಳು. ಕೈಯಲ್ಲಿ ಬ್ಯಾಂಕಿನ ಪಾಸ್‌ಬುಕ್ ಇತ್ತು. ‘ಅಣ್ಣಾ, ಒಂದು ಮಾತು ಕೇಳ್ಲಾ? ನಿಮ್ಮ ಗೆಳೆಯರು ಮದುವೆಗೆ ಮುಂಚೆ ಹೇಗಿದ್ರು?’

‘ತುಂಬಾ ನಗಿಸ್ತಿದ್ದನಮ್ಮ’ ಅಂದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನು ಒಂದ್ಸಲನೂ ನೋಡಿಲ್ಲ ಅಣ್ಣಾ’ ಅಂದಳು.

ಉಳಿದ ಚಿನ್ನವನ್ನ ತನ್ನ ಹೆಸರಿನ ಲಾಕರಿನಲ್ಲಿ ಇಟ್ಟು ಬರ್ತಾ ಇದ್ದಳು ಅಂತ ಆಮೇಲೆ ಗೊತ್ತಾಯ್ತು. ಮಾವ ಪಂಚಾಯ್ತಿ ಮಾಡಿ ಅಳಿಯನನ್ನ ಮಂಡಿಯ ಕುರ್ಚಿಯಲ್ಲೇ ಮತ್ತೆ ಕೂರಿಸಿದರು. ಈಗ ನಾನು ಆ ಕಡೆ ಹೋದರೆ ಅವನು ‘ಮಗಾ’ ಅನ್ನೋದಿಲ್ಲ. ‘ಏನ್ರಿ ರಿಪೋರ್ಟರು, ಚೆನ್ನಾಗಿದೀರಾ?’ ಅಂತಾನೆ.

ಕೆಡಿಸಿದ್ದು ಹಣವಾ?

‘ದುಡ್ಡು ಮನುಷ್ಯನನ್ನ ಕೆಡಿಸುತ್ತೆ’ ಅನ್ನೋದು ಎಲ್ಲರೂ ಹೇಳೋ ಮಾತು. ನನಗೆ ಅಷ್ಟೇ ಅಂತ ಅನ್ನಿಸೋದಿಲ್ಲ. ಸ್ಟೋನಿಯ ಕ್ರೌರ್ಯ ಮಿತಿಮೀರಿದ್ದು ಯಾವಾಗ? ಆಸ್ತಿ ತನ್ನದಲ್ಲ ಅಂತ ಗೊತ್ತಾದಾಗ. ಬ್ಯಾರಿ ಲಂಚಕ್ಕೆ ಇಳಿದದ್ದು ಯಾವಾಗ? ‘ನಿನ್ನ ಹೆಸರಿನಲ್ಲಿ ಏನೂ ಇಲ್ಲ’ ಅಂತ ತಾಯಿ ಹೇಳಿದಾಗ. ಜೋ ಕುದಿಯುತ್ತಿದ್ದದ್ದು ಮಾವನ ಕೈಕೆಳಗೆ. ನನ್ನ ಗೆಳೆಯ ತಕ್ಕಡಿಗೆ ಕೈ ಹಾಕಿದ್ದು ಬೀಗದ ಕೈ ಸಿಗದಾಗ.

ಇವರಲ್ಲಿ ಯಾರನ್ನೂ ಹಸಿವು ಕೆಡಿಸಲಿಲ್ಲ. ‘ನಾನು ಕೂತ ಕುರ್ಚಿ ನನ್ನದಲ್ಲ’ ಅನ್ನೋ ಭಯ ಕೆಡಿಸಿತು. ಆ ಭಯವನ್ನ ಮಾವನ ಎದುರು ತೋರಿಸೋ ಧೈರ್ಯ ಇಲ್ಲ. ಅದಕ್ಕೇ ಕೈಗೆ ಸುಲಭವಾಗಿ ಸಿಕ್ಕವಳ ಮೇಲೆ ತೋರಿಸಿದರು. ಹೆಂಡತಿಯನ್ನ ಏಣಿ ಅಂದುಕೊಂಡು ಹತ್ತಿದವನು, ಮೇಲೆ ಹೋದ ಮೇಲೂ ಅವಳನ್ನ ಹೆಂಡತಿ ಅಂತ ನೋಡೋದು ಕಷ್ಟ. ಅವಳನ್ನ ನೋಡಿದಾಗಲೆಲ್ಲ ಅವನಿಗೆ ನೆನಪಾಗೋದು ತಾನು ಹತ್ತಿ ಬಂದ ಮೆಟ್ಟಿಲು.

ಹಾಗಂತ ಶ್ರೀಮಂತರ ಮನೆ ಹುಡುಗಿಯನ್ನ ಮದುವೆಯಾಗಲೇಬಾರದು ಅಂತ ನಾನು ಹೇಳ್ತಿಲ್ಲ. ಧಾರಾಳವಾಗಿ ಆಗಿ, ಪ್ರೀತಿ ಇದ್ದರೆ. ಒಂದು ವಿಷಯ ಮಾತ್ರ ತಿಳಿದಿರಲಿ. ಇಂಗ್ಲೆಂಡಿನಲ್ಲಿ ಹೆಂಡತಿಯ ಆಸ್ತಿ ಹೆಂಡತಿಗೇ ಅಂತ ಪೂರ್ತಿಯಾಗಿ ಒಪ್ಪಲು 1882ರ ಕಾನೂನು ಬರಬೇಕಾಯ್ತು. ನಮ್ಮಲ್ಲಿ ಸ್ತ್ರೀಧನ ಅಂತ ಹಳೇ ಮಾತೇ ಇದೆ. ಅದು ಹೆಂಡತಿಯದೇ ಸ್ವತ್ತು, ಗಂಡ ಅದನ್ನ ನುಂಗಿದರೆ ನಂಬಿಕೆದ್ರೋಹದ ಅಪರಾಧ ಅಂತ ಸುಪ್ರೀಂ ಕೋರ್ಟು 1985ರಲ್ಲೇ ಸ್ಪಷ್ಟವಾಗಿ ಹೇಳಿದೆ. ಆ ನಾಲ್ಕು ಬಳೆ ಮಾವನದ್ದೂ ಅಲ್ಲ, ಅಳಿಯನದ್ದೂ ಅಲ್ಲ, ಅವಳದು.

ಆದರೆ ಕೋರ್ಟು ಬಳೆ ವಾಪಸ್ ಕೊಡಿಸಬಹುದು. ಒಂದು ಕಾಲದಲ್ಲಿ ಇಡೀ ಸಾಲನ್ನ ನಗಿಸುತ್ತಿದ್ದ ಹುಡುಗನನ್ನ ಅವಳಿಗೆ ಯಾವ ಕೋರ್ಟು ಕೊಡಿಸುತ್ತೆ? ಅವಳ ಮನೆಯವರು ಆ ಮದುವೆಗೆ ಲಕ್ಷಾಂತರ ಖರ್ಚು ಮಾಡಿದರು. ಅವಳಿಗೆ ಬೇಕಾಗಿದ್ದದ್ದು ಆ ನಗು ಒಂದೇ. ಅದನ್ನೊಂದು ಬಿಟ್ಟು ಮಿಕ್ಕ ಎಲ್ಲವನ್ನೂ ಹೊತ್ತುಕೊಂಡು ಅವನು ಆ ಮನೆಯ ಹೊಸಿಲು ದಾಟಿದ್ದ.